ಜೀರೊ ಕಣಿವೆಯ ಹೊಸ ಹಾಡು

ಸಂಗೀತವು ಮಾರ್ಗವೆಂದೂ ದೇಶಿಯೆಂದೂ ಎರಡು ಬಗೆಯಾದುದೆಂಬುದು ವಾಚಕರಿಗೆ ವಿದಿತವಾಗಿಯೇ ಇದೆ. ಮತಂಗಮುನಿಯು ತನ್ನ ‘ಬೃಹದ್ದೇಶೀ’ ಗ್ರಂಥದಲ್ಲಿ, ಹೆಂಗಸರೂ ಮಕ್ಕಳೂ ಗೋಪಾಲಕರೂ ಅರಸರೂ ತಂತಮ್ಮ ನಾಡಿನಲ್ಲಿ ಅನುರಾಗದಿಂದ ಇಚ್ಛಾನುಸಾರವಾಗಿ ಹಾಡುವುದೇ ದೇಶಿಯೆಂದು ಲಕ್ಷಣ ಹೇಳಿರುವನು. ಈಚೆಗೆ ತರುಣರು ‘ಇಂಡಿ’ ಎಂದು ಕರೆಯುವ ಸಂಗೀತಕ್ಕೂ ಈ ಲಕ್ಷಣವು ಬಹುಮಟ್ಟಿಗೆ ಒಪ್ಪುತ್ತದೆ. ಚಲನಚಿತ್ರದ ಆಶ್ರಯವನ್ನಾಗಲಿ ದೊಡ್ಡ ಧ್ವನಿಮುದ್ರಣ ಕಂಪೆನಿಗಳ ಹಂಗನ್ನಾಗಲಿ ನೆಚ್ಚದೆ, ತಾವೇ ಪದ ಕಟ್ಟಿ, ತಾವೇ ಮಟ್ಟು ಹಾಕಿ ಹಾಡುವ ಸ್ವತಂತ್ರ ಗಾಯಕರ ಸಂಗೀತವದು.

ನಮ್ಮ ತಮ್ಮನ ಮಗನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದುಕೊಂಡು, ರಾತ್ರಿಯ ಬಿಡುವಿನಲ್ಲಿ ಗಿಟಾರು ಹಿಡಿದು ಕನ್ನಡದಲ್ಲಿ ಹಾಡು ಕಟ್ಟುವವನು. ಕೆಲಸವನ್ನು ಬಿಟ್ಟು ಇದನ್ನೇ ಹಿಡಿಯುತ್ತೇನೆಂಬುದು ಅವನ ಹಟ, “ಇದರಿಂದ ಅನ್ನ ಹುಟ್ಟೀತೆ?” ಎಂಬುದು ಅವನ ತಂದೆಯ ಪ್ರಶ್ನೆ. “ದೊಡ್ಡಪ್ಪ, ಇಂಥ ಹಾಡುಗಾರರು ನಾಲ್ಕು ಕಡೆಯಿಂದ ಸೇರುವ ಒಂದು ಜಾಗವುಂಟು. ನೀವೇ ಬಂದು ಕೇಳಿ, ಆಮೇಲೆ ಅಪ್ಪನಿಗೆ ಹೇಳಿ” ಎಂದು ಅವನು ಕರೆದನು. ಹೀಗೆ ನಾವು ಅರುಣಾಚಲ ಪ್ರದೇಶದ ಜೀರೊ ಕಣಿವೆಗೆ ಹೊರಟೆವು.

ಅರುಣಾಚಲಕ್ಕೆ ಹೊರನಾಡಿನವರು ಹೋಗಬೇಕಾದರೆ ‘ಇನ್ನರ್ ಲೈನ್ ಪರ್ಮಿಟ್’ ಎಂಬ ಅನುಮತಿಪತ್ರವನ್ನು ಮೊದಲೇ ಪಡೆದಿರತಕ್ಕದ್ದು. 1873ರಲ್ಲಿ ಆಂಗ್ಲ ಸರಕಾರವು ಮಾಡಿದ ಕಟ್ಟಳೆಯು ಇಂದಿಗೂ ಹೀಗೆ ನಡೆದುಬಂದಿದೆ. ಗುವಾಹಟಿಯಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಗಿಗೆ ನಾಹರ್‌ಲಗುನ್ ನಿಲ್ದಾಣ. ಅಲ್ಲಿಂದ ಜೀರೊ ಸುಮಾರು 100 ಕಿಲೋಮೀಟರು; ಬಾಡಿಗೆಯ ಜೀಪುಗಳು ಹತ್ತು ಮಂದಿಯನ್ನು ಒತ್ತಿ ಕೂರಿಸಿಕೊಂಡು ಬೆಟ್ಟವನ್ನೇರುತ್ತವೆ. ಮೊಣಕಾಲಿನ ನೋವುಳ್ಳವರು ಮುಂದಿನ ಆಸನವನ್ನೇ ಕೇಳಿ ಪಡೆಯುವುದು ಲೇಸು.

ಐದು ಸಾವಿರ ಅಡಿಗಳಿಗೂ ಎತ್ತರದಲ್ಲಿ ಹಠಾತ್ತನೆ ತೆರೆದುಕೊಳ್ಳುವ ಆ ಬಯಲನ್ನು ಕಂಡಾಗ ಆಯಾಸವೆಲ್ಲ ಪರಿಹಾರವಾಯಿತು. ಸುತ್ತ ಪೈನ್ ಮರಗಳ ಗುಡ್ಡಗಳು. ನಡುವೆ ಹೊಂಬಣ್ಣಕ್ಕೆ ತಿರುಗಿದ ಬತ್ತದ ಗದ್ದೆಗಳು. ಅಪತಾನಿ ಎಂಬ ಜನರು ಇಲ್ಲಿನ ನಿವಾಸಿಗಳು. ಅವರ ಬೇಸಾಯದಲ್ಲಿ ನೇಗಿಲೂ ಇಲ್ಲ, ಎತ್ತೂ ಇಲ್ಲ; ಎಲ್ಲವೂ ಕೈಗೆಲಸ. ಗದ್ದೆಯ ನೀರಿನಲ್ಲಿಯೇ ಮೀನು ಸಾಕುವರು, ಬದುವಿನ ಮೇಲೆ ರಾಗಿ ಬೆಳೆಯುವರು. ಮೈಸೂರು ಸೀಮೆಯವರಾದ ನಮಗೆ ಅಷ್ಟು ದೂರದಲ್ಲಿ ರಾಗಿಯ ತೆನೆಯನ್ನು ಕಂಡು ನೆಂಟರನ್ನು ಕಂಡಷ್ಟು ಸಂತೋಷವಾಯಿತು. ಮುಖಕ್ಕೆ ಹಚ್ಚೆ ಹೊಯ್ಯಿಸಿಕೊಂಡು ಮೂಗಿನ ಹೊಳ್ಳೆಗಳಿಗೆ ಬಿರಡೆ ತೊಟ್ಟ ಮುದುಕಿಯರು ಅಲ್ಲಲ್ಲಿ ಕಾಣುತ್ತಾರೆ. ಆ ಪದ್ಧತಿಯು 1970ರ ದಶಕದಲ್ಲಿ ನಿಂತುಹೋದುದರಿಂದ ಅವರ ತಲೆಮಾರೇ ಕಡೆಯದು.

ಈ ಕಣಿವೆಯವರೇ ಆದ ಬಾಬಿ ಹಾನೋ ಎಂಬುವರೂ, ದೆಹಲಿಯ ಒಂದು ವಾದ್ಯಮೇಳದ ಗಿಟಾರುವಾದಕರಾದ ಅನೂಪ್ ಕುಟ್ಟಿಯವರೂ ಕೂಡಿ 2012ರಲ್ಲಿ ಇಲ್ಲಿ ಸಂಗೀತೋತ್ಸವವನ್ನು ಆರಂಭಿಸಿದರು. ಸೆಪ್ಟೆಂಬರು ತಿಂಗಳಲ್ಲಿ ನಾಲ್ಕು ದಿನ ನಡೆಯುವ ಉತ್ಸವಕ್ಕೆ ಊರವರೇ ಬಿದಿರಿನಿಂದ ವೇದಿಕೆ ಕಟ್ಟುತ್ತಾರೆ. ಹಗಲಿನದಕ್ಕೆ ‘ದಾನ್ಯಿ’, ಇರುಳಿನದಕ್ಕೆ ‘ಪೀಲೊ’ ಎಂದು ಹೆಸರು. ಅಪತಾನಿ ಭಾಷೆಯಲ್ಲಿ ಸೂರ್ಯ, ಚಂದ್ರ ಎಂದರ್ಥ. ಆ ಜನರು ಪೂಜಿಸುವುದೂ ಸೂರ್ಯಚಂದ್ರರನ್ನೇ.

ಹೊಸಬರನ್ನು ಅರಸುವವರು ಹಗಲಿನ ವೇದಿಕೆಯ ಬಳಿ ಕುಳಿತಿರಬೇಕೆಂಬುದು ನಮ್ಮ ಅನುಭವ. ಇರುಳಿನಲ್ಲಿ ಜನಸಂದಣಿ, ದೀಪ, ಭೇರಿಯ ಘೋಷ. ಹಗಲಿನಲ್ಲಾದರೋ ಹುಲ್ಲಿನ ಮೇಲೆ ನೂರಿನ್ನೂರು ಮಂದಿ, ಗಾಯಕನ ಉಸಿರೂ ಕೇಳಿಸುವಷ್ಟು ಸಮೀಪ. ಒಂದು ಮಧ್ಯಾಹ್ನ ಬೆಟ್ಟಸೀಮೆಯ ಹುಡುಗನೊಬ್ಬನು ಒಂಟಿಯಾಗಿ ತನ್ನ ನುಡಿಯಲ್ಲಿ ಹಾಡಿದನು. ನಮಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೆ ಎರಡನೆಯ ಸಲ ಪಲ್ಲವಿ ಬಂದಾಗ ಹಿಂದೆ ಕುಳಿತಿದ್ದ ಹೆಂಗಸರು ಮೆಲ್ಲನೆ ದನಿಗೂಡಿಸಿದರು. ನಮ್ಮ ಹುಡುಗನು ಗಿಟಾರನ್ನು ಮಡಿಲಲ್ಲಿಟ್ಟುಕೊಂಡು ಅವರನ್ನೇ ನೋಡುತ್ತಿದ್ದನು.

ಅಪತಾನಿ ನುಡಿಯನ್ನಾಡುವವರು 2011ರ ಜನಗಣತಿಯಂತೆ ಐವತ್ತು ಸಾವಿರಕ್ಕೂ ಕಡಿಮೆ. ಇಂಥ ನುಡಿಗಳಲ್ಲಿ ಹಳೆಯ ಹಾಡುಗಳನ್ನು ಕಾಪಾಡಿದರೆ ಸಾಲದು. ಹೊಸ ಹಾಡು ಹುಟ್ಟದಿದ್ದರೆ ಮಕ್ಕಳ ಬಾಯಿಯಲ್ಲಿ ನುಡಿ ನಿಲ್ಲುವುದಿಲ್ಲ. ಈ ಕೆಲಸಕ್ಕಾಗಿ ಬಾಳನ್ನೇ ಸವೆಸಿದವರೂ ಆ ಪ್ರಾಂತದಲ್ಲಿರುವರು. ಮಣಿಪುರದ ತಾಂಗ್‌ಖುಲ್ ನಾಗಾ ಜನರಲ್ಲಿ ಹುಟ್ಟಿದ ಗುರು ರೂಬೆನ್ ಮಶಾಂಗ್ವಾ ಅವರು ಹಳ್ಳಿಹಳ್ಳಿ ತಿರುಗಿ ಮುದುಕರಿಂದ ಪದಗಳನ್ನು ಕೂಡಿಸಿ, ‘ತಿಂಗ್‌ತೇಲ’ ಎಂಬ ಕಮಾನುವಾದ್ಯವನ್ನು ಪಾಶ್ಚಾತ್ಯ ಸ್ವರಗಳಿಗೂ ಹೊಂದುವಂತೆ ತಿದ್ದಿ, ಅಮೆರಿಕೆಯ ‘ಬ್ಲೂಸ್’ ಧಾಟಿಯೊಡನೆ ಬೆರೆಸಿ ಹಾಡಿದರು. 2021ರಲ್ಲಿ ಪದ್ಮಶ್ರೀ ಗೌರವವು ಅವರಿಗೆ ಸಂದಿತು. ಅರುಣಾಚಲದ ತಾಬಾ ಚಾಕೆ ಎಂಬ ತರುಣರು 2019ರಲ್ಲಿ ಹೊರತಂದ ‘ಬಾಂಬೆ ಡ್ರೀಮ್ಸ್’ ಎಂಬ ಹಾಡುಗಳ ಮಾಲಿಕೆಯಲ್ಲಿ ಹಿಂದಿ ಇಂಗ್ಲಿಷುಗಳ ಪಕ್ಕದಲ್ಲೇ ತಮ್ಮ ನಿಶಿ ಭಾಷೆಗೂ ಆಸನ ಕೊಟ್ಟಿರುವರು.

ನಾಲ್ಕು ಕೋಟಿಗೂ ಮಿಗಿಲಾದ ಕನ್ನಡಿಗರಿಗೆ ಈ ಚಿಂತೆ ಏಕೆಂದು ಕೆಲವರು ಕೇಳಬಹುದು. ಸಂಖ್ಯೆಯು ಹಾಡನ್ನು ಹುಟ್ಟಿಸಲಾರದು. ಇಂದು ನಮ್ಮ ಮನೆಗಳಲ್ಲಿ ಹಳೆಯ ಆಸ್ತಿಯಂತೆ ಇರುವ ಭಾವಗೀತೆಯೂ, ಪಿ. ಕಾಳಿಂಗರಾಯರು ಕವಿಗಳ ಪದ್ಯಗಳನ್ನು ಸಭೆಗಳಲ್ಲಿ ಹಾಡತೊಡಗಿದಾಗ ಹೊಸತೇ ಆಗಿತ್ತು. ಶಿಶುನಾಳ ಶರೀಫರ ಪದಗಳನ್ನು ಗಿಟಾರಿನೊಡನೆ ಹಾಡಿ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು 2008ರಲ್ಲಿ ತಮ್ಮ ಮೊದಲ ಧ್ವನಿಮುದ್ರಿಕೆಯನ್ನು ಹೊರತಂದರು. ಹತ್ತೊಂಬತ್ತನೆಯ ಶತಮಾನದ ಆ ಪದಗಳು ಕನ್ನಡವರಿಯದ ದೇಶಗಳಲ್ಲಿಯೂ ಕೇಳಿಸಿದುವು. ಇವುಗಳನ್ನು ಮೊದಲು ಕುಳಿತು ಕೇಳಿದ ನಾಲ್ಕು ಜನರಿಲ್ಲದಿದ್ದರೆ ಮುಂದಿನ ನಾಲ್ಕು ಸಾವಿರ ಜನರು ಎಲ್ಲಿಂದ ಬರುತ್ತಿದ್ದರು?

ಇನ್ನು ಅನ್ನದ ಪ್ರಶ್ನೆ. ಅಂತರಜಾಲದಲ್ಲಿ ಒಂದು ಹಾಡನ್ನು ಒಮ್ಮೆ ಕೇಳಿದರೆ ಹಾಡಿದವನ ಕೈಗೆ ಬರುವುದು ಪೈಸೆಗಳ ಲೆಕ್ಕ. ಸಾವಿರ ಸಲ ಕೇಳಿದರೂ ತಿಂಗಳ ಅಕ್ಕಿಗೆ ಸಾಲದು. ಕಚೇರಿಯ ಟಿಕೀಟು, ಗಾಯಕನಿಂದಲೇ ಕೊಂಡ ಮುದ್ರಿಕೆ, ಮದುವೆ ಹಬ್ಬಗಳಿಗೆ ಕರೆದು ಸಂಭಾವನೆ ಕೊಡುವುದು, ಇವೇ ಆಧಾರ. ಆದುದರಿಂದ ತಮ್ಮನಿಗೆ ನಾವು ಬರೆದುದಿಷ್ಟು: ಹುಡುಗನು ಎರಡು ವರ್ಷ ಉದ್ಯೋಗವನ್ನು ಬಿಡದಿರಲಿ, ಹಾಡನ್ನೂ ಬಿಡದಿರಲಿ, ನೀನು ತಿಂಗಳಿಗೊಮ್ಮೆ ಅವನ ಮುಂದೆ ಕುಳಿತು ಕೇಳು, ಹಿಡಿಸದಿದ್ದುದನ್ನು ಹಿಡಿಸಲಿಲ್ಲವೆಂದು ಹೇಳು, ಆದರೆ ಪೂರ್ತಿ ಕೇಳಿಯೇ ಹೇಳು.

ವಾಚಕರಲ್ಲಿಯೂ ನಮ್ಮ ಬಿನ್ನಹವು ಇದೇ. ಎಲ್ಲರೂ ಜೀರೊ ಕಣಿವೆಗೆ ಹೋಗಬೇಕಾಗಿಲ್ಲ. ತಮ್ಮ ಊರಿನ ಸಣ್ಣ ಸಭಾಂಗಣದಲ್ಲಿ, ಕಾಲೇಜಿನ ಅಂಗಳದಲ್ಲಿ, ಪಕ್ಕದ ಮನೆಯ ಮಹಡಿಯಲ್ಲಿ ಹೆಸರಿಲ್ಲದ ಯಾರಾದರೂ ಹಾಡುತ್ತಿದ್ದರೆ, ಚಪ್ಪಲಿ ಬಿಟ್ಟು ಒಳಗೆ ಹೋಗಿ ಅರ್ಧ ಗಂಟೆ ಕುಳಿತು ಬರಲಿ.