ಕಾವು

ಕೋಗಿಲೆ ಸೋಮಾರಿ, ಅದಕ್ಕೇ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ ಎಂದು ನಮ್ಮ ಮೂರನೆಯ ತರಗತಿಯ ಮಕ್ಕಳೂ ಹೇಳುತ್ತಾರೆ. ಕಾಗೆಯ ಗೂಡಿಗಾಗಿ ಹೊಂಚುಹಾಕಿ, ಸಮಯ ಸಾಧಿಸಿ ಮೊಟ್ಟೆಯಿಟ್ಟು ಬರುವುದು ಸೋಮಾರಿಯಿಂದ ಆಗುವ ಕೆಲಸವೇ? ಅದಕ್ಕೆ ಇಲ್ಲದಿರುವುದು ಕಾವು ಕೂರುವ ಗುಣ. ಅದು ವಂಶದಲ್ಲೇ ಅಳಿಸಿಹೋಗಿದೆ.

ನಾನು ಓದಿದ್ದು ಬಿ.ಎ., ಬಿ.ಎಡ್. ಜೀವಶಾಸ್ತ್ರ ನನ್ನ ವಿಷಯವಲ್ಲ. ಆದರೂ ಈ ಹಕ್ಕಿಯ ಮೇಲೆ ನನಗೊಂದು ಕಣ್ಣು.

ಬೇಲಿಯ ಕೆಂಬೂತವನ್ನೇ ನೋಡಿ. ನವಿಲನ್ನು ಕಂಡು ಪುಕ್ಕ ಕೆದರಿತೆಂದು ಗಾದೆಯಲ್ಲಿ ನಗೆಪಾಟಲಾದ ಆ ಹಕ್ಕಿ ಕೋಗಿಲೆಯ ಕುಟುಂಬಕ್ಕೇ ಸೇರಿದ್ದು. ಅದು ಪೊದೆಯಲ್ಲಿ ತಾನೇ ಗೂಡು ಕಟ್ಟುತ್ತದೆ. ಗಂಡು, ಹೆಣ್ಣು ಎರಡೂ ಕಾವು ಕೂರುತ್ತವೆ. ಈ ಕುಟುಂಬದ ಪೂರ್ವಜರೂ ಹಾಗೆಯೇ ಇದ್ದವರಂತೆ. ಪರರ ಗೂಡಿನ ಚಾಳಿ ಮೂರು ಬೇರೆ ಬೇರೆ ಕವಲುಗಳಲ್ಲಿ ಆಮೇಲೆ ಹುಟ್ಟಿತೆಂದು ವಂಶವಾಹಿಗಳನ್ನು ಹೋಲಿಸಿ ನೋಡಿದವರು ಹೇಳುತ್ತಾರೆ.

ಕಾಗೆಯ ಮೊಟ್ಟೆ ಮರಿಯಾಗಲು 16-17 ದಿನ ಬೇಕು. ಕೋಗಿಲೆಯದಕ್ಕೆ 12ರಿಂದ 14 ಸಾಕು. ನಮ್ಮ ಕೋಗಿಲೆಯ ಸಂಬಂಧಿಯಾದ ಯುರೋಪಿನ ಕುಕ್ಕೂ ಹಕ್ಕಿಯ ಬಗ್ಗೆ ಟಿಮ್ ಬರ್ಕ್‌ಹೆಡ್ ಮತ್ತು ಸಂಗಡಿಗರ ಅಧ್ಯಯನವೊಂದು 2011ರಲ್ಲಿ ಅಚ್ಚಾಯಿತು. ಆ ಹಕ್ಕಿ ಸಿದ್ಧವಾದ ಮೊಟ್ಟೆಯನ್ನು ಇನ್ನೂ ಒಂದು ದಿನ ಒಡಲಲ್ಲೇ ಇರಿಸಿಕೊಳ್ಳುತ್ತದಂತೆ. ಗೂಡಿಗೆ ಬೀಳುವ ಹೊತ್ತಿಗೆ ಒಳಗಿನ ಜೀವ ಬೆಳೆಯತೊಡಗಿರುತ್ತದೆ. ಕಾವು ಕೂರದ ತಾಯಿ ಒಂದು ದಿನದ ಕಾವನ್ನು ಒಡಲಿನಿಂದಲೇ ಕೊಟ್ಟಿರುತ್ತಾಳೆ! ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

1998ರಲ್ಲಿ ನನಗೆ ಕೆಲಸ ಸಿಕ್ಕಿದ್ದು ಊರಿನಿಂದ ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರದಲ್ಲಿ. ಹತ್ತು ತಿಂಗಳ ಮಗನನ್ನು ಅತ್ತಿಗೆಯ ಮಡಿಲಿಗೆ ಹಾಕಿ ಹೋದೆ. ಮೊದಲ ವಾರವೆಲ್ಲ ಎದೆಹಾಲಿಗೆ ರವಿಕೆ ಒದ್ದೆಯಾಗುತ್ತಿತ್ತು. ಸೆರಗು ಹೊದ್ದು ಪಾಠ ಮಾಡಿದೆ. ದಸರಾ ರಜೆಗೆ ಬಂದಾಗ ನೆರೆಮನೆಯಾಕೆ, "ಟೀಚರಮ್ಮ, ನೀವು ಬಿಡಿ, ಕೋಗಿಲೆ ಜಾತಿ" ಎಂದು ನಕ್ಕರು. ನನಗಿಂತ ಹೆಚ್ಚು ಸಿಟ್ಟು ಬಂದದ್ದು ಅತ್ತಿಗೆಗೆ. "ಹಾಗಾದ್ರೆ ನಾನೇನು ಕಾಗೆಯಾ?" ಎಂದು ಜಗಳಕ್ಕೇ ನಿಂತರು.

ಆ ಮಾತು ಕೋಗಿಲೆಗೂ ಸಲ್ಲದು, ನನಗೂ ಸಲ್ಲದು. ಅದಕ್ಕೆ ಬೇರೆ ದಾರಿಯೇ ಇಲ್ಲ. ನಾನು ಯೋಚಿಸಿ ಹೊರಟವಳು. ಕಾಗೆ ಮೋಸಹೋಗುತ್ತದೆ, ಅತ್ತಿಗೆ ತಿಳಿದೂ ತಿಳಿದೂ ಮೂರು ವರ್ಷ ನಿದ್ದೆಗೆಟ್ಟರು. ಮಗ ಈಗಲೂ ಅವರನ್ನು ಅವ್ವ ಎನ್ನುತ್ತಾನೆ, ನನ್ನನ್ನು ಅಮ್ಮ. ಫೋನ್ ಮಾಡಿದರೆ ಮೊದಲು ಕೇಳುವುದು ಅವ್ವನ ಮಂಡಿನೋವನ್ನು.