ನಡುಮನೆಯ ಲೆಕ್ಕ

"ತಿಂಗಳಿಗೆ ಎಷ್ಟ್ ಬರ್ತೈತ್ರಿ?" ಎಂದು ಕೇಳಿದರೆ ಇಳಕಲ್ಲಿನ ನೇಕಾರರು ಮೊದಲು ನಗುತ್ತಾರೆ. "ಯಾವ ತಿಂಗಳದ್ ಹೇಳ್ಲಿ ತಮ್ಮಾ? ಲಗ್ನದ ತಿಂಗಳದ್ದೋ, ಆಷಾಢದ್ದೋ?" ಎಂದು ಹಿರಿಯರೊಬ್ಬರು ನನ್ನನ್ನೇ ಕೇಳಿದರು. ಅವರದು ತಿಂಗಳ ಲೆಕ್ಕವಲ್ಲ, ಸೀರೆಯ ಲೆಕ್ಕ. ಸಾವ್ಕಾರರು ನೂಲು ಕೊಡುತ್ತಾರೆ, ಇವರು ನೇಯ್ದು ಕೊಡುತ್ತಾರೆ, ಸೀರೆಗಿಷ್ಟು ಎಂದು ಮಜೂರಿ. ಅದರಲ್ಲೂ ಮೊದಲೇ ಪಡೆದ ಮುಂಗಡ ಮುರಿದುಕೊಂಡು ಉಳಿದದ್ದು ಕೈಗೆ.

ಸಂಖ್ಯಾಶಾಸ್ತ್ರ ಓದುತ್ತಿರುವ ನನ್ನ ಪ್ರಶ್ನೆ ಸಣ್ಣದು: ಬಾಗಲಕೋಟೆ ಜಿಲ್ಲೆಯ ನಡುವಿನ ಮನೆಯ ಆದಾಯವೆಷ್ಟು, ಅದು ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗಿದೆ? ಎಲ್ಲ ಮನೆಗಳನ್ನು ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಸಿಗುವ ಮನೆ ಅದು. ಶಾಲೆಯ ಪುಸ್ತಕದಲ್ಲಿ ಮಧ್ಯಾಂಕ ಎಂದು ಓದಿದ್ದು. ಸರಾಸರಿ ಸಾಲದೇ ಎನ್ನಬಹುದು. ಒಂದು ಓಣಿಯ ಐದು ಮನೆಗಳಲ್ಲಿ ನಾಲ್ಕಕ್ಕೆ 8, 10, 12, 15 ಸಾವಿರ ಬರುತ್ತದೆ, ಐದನೆಯದು ಗ್ರಾನೈಟ್ ಕ್ವಾರಿಯವರದು, 5 ಲಕ್ಷ ಎಂದಿಟ್ಟುಕೊಳ್ಳಿ. ಸರಾಸರಿ 1 ಲಕ್ಷ 9 ಸಾವಿರ! ಆ ಓಣಿಯ ಯಾರ ಮನೆಯೂ ಆ ಅಂಕಿಯ ಹತ್ತಿರದಲ್ಲಿಲ್ಲ. ಮಧ್ಯಾಂಕ 12 ಸಾವಿರ. ಕೆಂಪು ಗ್ರಾನೈಟೂ ಕೈಮಗ್ಗವೂ ಒಂದೇ ಊರಲ್ಲಿರುವ ಇಳಕಲ್ಲಿಗೆ ಇದು ಬರೀ ಉದಾಹರಣೆಯಲ್ಲ. ಆದರೂ ಪತ್ರಿಕೆಗಳಲ್ಲಿ ಬರುವುದು ಜಿಲ್ಲೆಯ ತಲಾ ಆದಾಯ ಮಾತ್ರ, ಅದು ಸರಾಸರಿಯೇ.

ಅಮೆರಿಕದಲ್ಲಿ ನಮ್ಮ ಜಿಲ್ಲೆಯಂತಿರುವ ಪ್ರತಿಯೊಂದು ಕೌಂಟಿಗೂ ಈ ನಡುವಿನ ಅಂಕಿ ವರ್ಷವರ್ಷವೂ ಸಿಗುತ್ತದೆ. ಸಣ್ಣ ಊರುಗಳಲ್ಲಿ ಸಮೀಕ್ಷೆಗೆ ಸಿಗುವ ಮನೆಗಳು ಕಡಿಮೆ, ಹಾಗಾಗಿ ಅಂಕಿ ಒಂದು ವರ್ಷ ಜಿಗಿದು ಇನ್ನೊಂದು ವರ್ಷ ಕುಸಿಯುತ್ತದೆ. ಇದಕ್ಕೆ ಫೇ ಮತ್ತು ಹೆರಿಯಟ್ ಎಂಬ ಇಬ್ಬರು 1979ರಲ್ಲಿ ದಾರಿ ತೋರಿಸಿದರು. ಸಮೀಕ್ಷೆಯ ಅಂಕಿಯ ಜೊತೆಗೆ ತೆರಿಗೆ ದಾಖಲೆಯಂಥ ಬೇರೆ ಮಾಹಿತಿ ಸೇರಿಸಿ, ಅಂಥವೇ ಊರುಗಳ ಅನುಭವದಿಂದ ಅಂದಾಜನ್ನು ಗಟ್ಟಿ ಮಾಡುವುದು. ನೆರೆಮನೆಯಿಂದ ಹೆಪ್ಪು ತಂದು ನಮ್ಮ ಹಾಲು ಮೊಸರು ಮಾಡಿಕೊಂಡ ಹಾಗೆ.

ನಮ್ಮಲ್ಲಿ ಹೆಪ್ಪು ತರುವುದೆಲ್ಲಿಂದ? ನೇಕಾರರ ಓಣಿಯಲ್ಲಿ ತೆರಿಗೆ ಲೆಕ್ಕ ಸಲ್ಲಿಸುವವರು ಯಾರು? ನಾಡಕಚೇರಿಯ ಆದಾಯ ಪ್ರಮಾಣಪತ್ರವಿದೆ ನಿಜ. ಒಮ್ಮೆ ಪಡೆದರೆ ಐದು ವರ್ಷ ನಡೆಯುತ್ತದೆ. ಲಗ್ನವಿರಲಿ ಆಷಾಢವಿರಲಿ, ಮಳೆಯಾಗಲಿ ಬರ ಬರಲಿ, ಅಂಕಿ ಅದೇ. ಜನಗಣತಿ ಆದಾಯ ಕೇಳುವುದಿಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆಯವರು 1950-60ರ ದಶಕಗಳಲ್ಲಿ ಆದಾಯ ಕೇಳಿ ನೋಡಿದ್ದರು; ಜನ ಹೇಳಿದ ಆದಾಯಕ್ಕಿಂತ ಖರ್ಚು-ಉಳಿತಾಯದ ಮೊತ್ತವೇ ಹೆಚ್ಚಾಗಿತ್ತು. ಹಾಗಾಗಿ ಅಲ್ಲಿಂದೀಚೆಗೂ ಮುಖ್ಯವಾಗಿ ಖರ್ಚನ್ನೇ ಕೇಳುತ್ತ ಬಂದಿದ್ದಾರೆ. ನನಗದು ಅರ್ಥವಾಗುತ್ತದೆ. ಜೋಳಕ್ಕೆಷ್ಟು, ಎಣ್ಣೆಗೆಷ್ಟು ಎಂದು ನಮ್ಮವ್ವ ನಿದ್ದೆಗಣ್ಣಲ್ಲೂ ಹೇಳುತ್ತಾಳೆ.

ಅವ್ವನ ಗಳಿಕೆ ಎಷ್ಟು ಎಂದರೆ ಮಾತ್ರ ಮನೆಯಲ್ಲಿ ಎಲ್ಲರೂ ಸುಮ್ಮನಾಗುತ್ತಾರೆ. ಅಪ್ಪ ಮಗ್ಗದ ಕುಣಿಯಲ್ಲಿ ಕೂರುವ ಮೊದಲೇ ಅವಳು ಕಂಡಿಕೆ ಸುತ್ತಿಟ್ಟಿರುತ್ತಾಳೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸಬೇಕು. ನಮ್ಮನೆಯಲ್ಲಿ ಆ ಕೆಲಸ ಅವಳದೇ. ಅದಿಲ್ಲದೆ ಸೀರೆಯೇ ಇಲ್ಲ, ಮಜೂರಿಯೂ ಇಲ್ಲ. ಫಾರಂ ತುಂಬುವಾಗ ಮಾತ್ರ ಅಪ್ಪ "ನೇಕಾರ", ಅವ್ವ "ಮನೆಗೆಲಸ". 2011ರ ಸಾಮಾಜಿಕ-ಆರ್ಥಿಕ ಮತ್ತು ಜಾತಿ ಗಣತಿ ಹಳ್ಳಿಗಳಲ್ಲಿ ಕೇಳಿದ್ದೂ ಮನೆಯಲ್ಲಿ ಅತಿ ಹೆಚ್ಚು ಗಳಿಸುವ ಒಬ್ಬರ ಆದಾಯ 5 ಸಾವಿರದೊಳಗೋ, 10 ಸಾವಿರದೊಳಗೋ, ಅದಕ್ಕೂ ಮೇಲೋ ಎಂದು. ಅದು ಒಬ್ಬರ ಆದಾಯ, ಮನೆಯದಲ್ಲ.

ಕಾಲದ ಲೆಕ್ಕ ಇನ್ನೂ ತೊಡಕಿನದು. 1997ಕ್ಕೆ ಮೊದಲು ಈ ಜಿಲ್ಲೆಯೇ ಇರಲಿಲ್ಲ, ಎಲ್ಲವೂ ವಿಜಾಪುರದಲ್ಲಿತ್ತು. ಈಚೆಗೆ ಇಳಕಲ್ ಹುನಗುಂದದಿಂದ ಬೇರೆಯಾಗಿ ತಾನೇ ತಾಲ್ಲೂಕಾಯಿತು. ಗ್ರಾನೈಟು, ಸೀರೆ ಪೇಟೆ ಎರಡೂ ಆಚೆ ಹೋದ ಮೇಲೆ ಹುನಗುಂದದ ಅಂಕಿ ಬದಲಾಗಲೇಬೇಕು. ಅಲ್ಲಿ ಒಬ್ಬರ ಕೂಲಿ ಒಂದು ರೂಪಾಯಿಯಷ್ಟೂ ಬದಲಾಗದಿದ್ದರೂ. ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆಯ ಮನೆ ಕಳೆದುಕೊಂಡು ನವನಗರಕ್ಕೆ ಬಂದವರ ಕೈಗೆ ಪರಿಹಾರದ ದುಡ್ಡು ಬಂತು. ಅದನ್ನು ಆದಾಯ ಎಂದು ಬರೆದರೆ ಮನೆ ಮುಳುಗಿದ ವರ್ಷವೇ ಅವರು ಸಿರಿವಂತರಾದಂತೆ ಕಾಣುತ್ತದೆ!

2026ರಲ್ಲಿ ದೇಶದಾದ್ಯಂತ ಮನೆಯ ಆದಾಯದ ಸಮೀಕ್ಷೆ ನಡೆಸುವುದಾಗಿ ಕೇಂದ್ರದ ಸಾಂಖ್ಯಿಕ ಸಚಿವಾಲಯ 2025ರಲ್ಲಿ ಹೇಳಿತು. ಒಳ್ಳೆಯದೇ. ನಾನಂತೂ ನಮ್ಮ ಓಣಿಯ ಮನೆಗಳ ಪಟ್ಟಿಯಲ್ಲಿ ಕಂಡಿಕೆಗೂ ಕೊಂಡಿಗೂ ಬೇರೆ ಬೇರೆ ಕಾಲಂ ಹಾಕಿದ್ದೇನೆ. ಲಗ್ನದ ದಿನಗಳಲ್ಲಿ ಒಮ್ಮೆ, ಆಷಾಢದಲ್ಲಿ ಒಮ್ಮೆ ಕೇಳುತ್ತೇನೆ. ಇನ್ನು ಬಾದಾಮಿ ಕಡೆಯ ಹಳ್ಳಿಗಳು ಉಳಿದಿವೆ. ಹೋದ ಸಲ ಹೋದಾಗ ಸಾಲು ಸಾಲು ಮನೆಗೆ ಬೀಗ. ದುಡಿಯಲು ಗೋವಾ, ಮಂಗಳೂರು ಎಂದು ಹೋಗಿದ್ದರು. "ಯುಗಾದಿಗೆ ಬರ್ರಿ, ಆಗ ಎಲ್ಲಾರೂ ಸಿಗ್ತಾರ" ಎಂದಳು ಕಟ್ಟೆಯ ಮೇಲೆ ಕೂತಿದ್ದ ಅಜ್ಜಿ.