ಸಕ್ಕರೆಯ ಸಿಂಹಗಳು

ಸಿಹಿಗೆ ರುಚಿಯೊಂದಿದ್ದರೆ ಸಾಲದು, ರೂಪವೂ ಬೇಕೆಂಬ ಹಂಬಲ ಮನುಷ್ಯನಿಗೆ ಹೊಸದಲ್ಲ. ಸಂಕ್ರಾಂತಿಯ ಎಳ್ಳಿನೊಡನೆ ಬೀರುವ ಸಕ್ಕರೆ ಅಚ್ಚುಗಳಲ್ಲಿ ಗಿಳಿಯುಂಟು, ಮೀನುಂಟು, ಆನೆಯುಂಟು, ತುಳಸೀ ಬೃಂದಾವನವೂ ಉಂಟು. ನಾಲಗೆಗೆ ಎಲ್ಲವೂ ಒಂದೇ ಸಕ್ಕರೆ. ಆದರೂ ಗಿಳಿಗಾಗಿ ಜಗಳವಾಡದ ಮಕ್ಕಳಿಲ್ಲ. ಆ ಹಂಬಲವೇ ಇತ್ತೀಚಿನ ವರ್ಷಗಳಲ್ಲಿ ಪಟ್ಟಣದ ಮನೆಗಳೊಳಗೆ ಕಪ್‌ಕೇಕಿನ ವೇಷದಲ್ಲಿ ಕಾಲಿಟ್ಟಿದೆ. ಬಟ್ಟಲಿನಷ್ಟು ಗಾತ್ರದ ಈ ಕೇಕಿನ ತವರು ಅಮೆರಿಕ. 1796ರಲ್ಲಿ ಅಲ್ಲಿ ಅಚ್ಚಾದ ಅಮೇಲಿಯಾ ಸಿಮನ್ಸ್ ಎಂಬಾಕೆಯ ಪಾಕಪುಸ್ತಕದಲ್ಲಿಯೇ ಸಣ್ಣ ಬಟ್ಟಲುಗಳಲ್ಲಿ ಬೇಯಿಸುವ ಕೇಕೊಂದರ ಮಾತು ಬರುತ್ತದೆ. ಅದರ ನೆತ್ತಿಯ ಮೇಲೆ ಸಿಂಹವನ್ನೂ ಮೀನನ್ನೂ ಕೂರಿಸುವ ಉತ್ಸಾಹ ಮಾತ್ರ ಎಲ್ಲ ದೇಶದ ತಾಯಂದಿರಿಗೂ ಸೇರಿದ್ದು.

ಬೆಂಗಳೂರಿನ ಬಸವನಗುಡಿಯ ಒಂದು ಮನೆಯಲ್ಲಿ ಏಪ್ರಿಲ್ ತಿಂಗಳಲ್ಲಿ ಇಂಥದೇ ಉತ್ಸಾಹವೆದ್ದಿತು. ಮನೆಯ ಮಗಳಿಗೆ ಎಂಟು ವರ್ಷ ತುಂಬುವುದಿತ್ತು. ಎಂಟು ಸಿಂಹ, ಎಂಟು ಮೀನು, ಎಂಟು ಗೂಬೆ, ಒಟ್ಟು ಇಪ್ಪತ್ತನಾಲ್ಕು ಕಪ್‌ಕೇಕುಗಳಾಗಬೇಕೆಂದು ಅವಳೇ ಚಿತ್ರ ಬರೆದುಕೊಟ್ಟಳು. ಮೀನಿನ ಹುರುಪೆಗೆ ಬಣ್ಣಬಣ್ಣದ ಜೆಮ್ಸ್; ಗೂಬೆಯ ಕಣ್ಣಿಗೆ ಕ್ರೀಮ್ ಬಿಸ್ಕತ್ತಿನ ಬಿಲ್ಲೆ.

“ಹುಟ್ಟಿದ ಹಬ್ಬದ ದಿನ ಮನೆಗೆ ಗೂಬೆಯೇ?” ಎಂದು ಅಜ್ಜಿ ಒಮ್ಮೆ ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಅವರೂ ಎರಡನೆಯ ಸಲ ಕೇಳಲಿಲ್ಲ.

ಆಕೆ ಹೆಚ್ಚು ಮಾತನಾಡದೆ ಮೂರು ವರ್ಷಗಳಾಗಿದ್ದವು. ಅದಕ್ಕೆ ಹಿಂದೆ ಐವತ್ತು ಸಂಕ್ರಾಂತಿಗಳ ಅಚ್ಚು ಆಕೆಯ ಕೈಯದೇ. ಸಕ್ಕರೆಯ ಪಾಕಕ್ಕೆ ಹಾಲು ಹಾಕಿ ಕೊಳೆ ತೆಗೆದು, ಬಟ್ಟೆಯಲ್ಲಿ ಸೋಸಿ, ಹದ ನೋಡಿ, ನೀರಿನಲ್ಲಿ ನೆನೆಸಿದ ಮರದ ಅಚ್ಚುಗಳಿಗೆ ಎರೆಯುತ್ತಿದ್ದರು. ಒಂದು ಕ್ಷಣ ಮೊದಲಾದರೆ ಅಚ್ಚು ಅಂಟು; ಒಂದು ಕ್ಷಣ ತಡವಾದರೆ ಪಾಕವೆಲ್ಲ ಪಾತ್ರೆಯಲ್ಲಿಯೇ ಗಟ್ಟಿ. ಆಮೇಲೆ ಬಲಗೈ ನಡುಗತೊಡಗಿತು. ಒಂದು ಸಂಕ್ರಾಂತಿಯಲ್ಲಿ ಬಿಸಿ ಪಾಕ ಚೆಲ್ಲಿ ಪಾದದ ಬಳಿಯೇ ಹರಿಯಿತು. “ಇನ್ನು ಅಂಗಡಿಯಿಂದಲೇ ತರಿಸೋಣ ಬಿಡಿ, ಅತ್ತೆ” ಎಂದು ಸೊಸೆ ಕಾಳಜಿಯಿಂದಲೇ ಹೇಳಿದಳು. ಅಜ್ಜಿ ಅಚ್ಚುಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ತಾವಾಗಿಯೇ ಅಟ್ಟಕ್ಕೆ ಹಾಕಿಸಿದರು. ಅಂದಿನಿಂದ ಅಡಿಗೆಮನೆಗೆ ಬಂದರೂ ಅತಿಥಿಯಂತೆ ಬಾಗಿಲ ಬಳಿ ನಿಲ್ಲುವುದು ರೂಢಿಯಾಯಿತು.

ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಕೇಕುಗಳು ಓವನ್ನಿನಿಂದ ಹೊರಬಂದವು. ಮೊಟ್ಟೆಯಿಲ್ಲದೆ, ಮೊಸರು ಸೋಡಾಗಳಿಂದಲೇ ಅವು ಹೂವಿನಂತೆ ಉಬ್ಬಿದ್ದವು. ಕಾಲು ಕಿಲೋ ಬೆಣ್ಣೆಗೆ ಅರ್ಧ ಕಿಲೋ ಐಸಿಂಗ್ ಸಕ್ಕರೆ ಬೆರೆಸಿ ನೊರೆಯಂತೆ ಕಡೆದದ್ದೂ ಆಯಿತು. ಒಂದು ಪಾಲಿಗೆ ಹಳದಿ, ಒಂದಕ್ಕೆ ಕಿತ್ತಳೆ, ಒಂದಕ್ಕೆ ನೀಲಿ ಬಣ್ಣ. ತಾಯಿಗೆ ಆತುರವಿತ್ತು, ವಾರವಿಡೀ ಕಚೇರಿ, ಸಿಕ್ಕುವುದು ಅದೊಂದೇ ಮಧ್ಯಾಹ್ನ. ಕೇಕು ಬೆಚ್ಚಗಿರುವಾಗಲೇ ಆರು ಸಿಂಹಗಳು ಸಿದ್ಧವಾದವು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಮೊದಲನೆಯ ಸಿಂಹದ ಕೇಸರ ಜಾರಿ ಗಲ್ಲಕ್ಕಿಳಿಯಿತು. ಎರಡನೆಯದರ ಕಣ್ಣು ಮೂಗನ್ನು ದಾಟಿ ಕೆಳಗೆ ಬಂತು. ಆರೂ ಮೃಗರಾಜರು ಸಾಲಾಗಿ ನಿಂತು ಅಳುತ್ತಿರುವಂತೆ ಕಂಡವು. ಮಗುವೂ ಅತ್ತಿತು.

ತಾಯಿ ಮೊದಲು ಗೂಬೆ ಕೂರಿಸಿದ್ದು ಸೆಕೆಯ ಮೇಲೆ. ಬಳಿಕ ಬೆಣ್ಣೆಯ ಮೇಲೆ. ಕೊನೆಗೆ ತನ್ನ ಮೇಲೆಯೇ. “ನನ್ನ ಕೈಲಿ ಆಗುವುದಿಲ್ಲ. ಅಂಗಡಿಯಿಂದಲೇ ತರಿಸೋಣ ಬಿಡು” ಎಂದಳು.

ಆ ಮಾತು ಬಾಗಿಲ ಬಳಿ ನಿಂತಿದ್ದ ಅಜ್ಜಿಯ ಕಿವಿಗೆ ಬಿತ್ತು. ಅವರು ಒಳಗೆ ಬಂದು ಕೇಕೊಂದನ್ನು ಮುಟ್ಟಿ ನೋಡಿದರು.

“ಬಿಸಿಯಾರಿಲ್ಲವಲ್ಲೇ! ಬಿಸಿಯಾರದ ಅಚ್ಚು ಬಿಡಿಸಿದರೆ ಗಿಳಿಯ ಕೊಕ್ಕು ಉಳಿದೀತೇ? ಬೆಣ್ಣೆಯನ್ನು ಮೂರು ಸಂಜೆಗೆ ಮುಂಚೆ ಮುಟ್ಟಿದರೆ ಅದು ಕರಗದೆ ಇನ್ನೇನು ಮಾಡೀತು? ಮೇಲಿನದನ್ನು ಹೆರೆದು ತೆಗೆ. ಬೆಳಗಿನ ಜಾವ ಎದ್ದು ಮಾಡೋಣ.”

‘ಮಾಡೋಣ’ ಎಂಬ ಮಾತನ್ನು ಸೊಸೆ ಮೂರು ವರ್ಷಗಳ ಬಳಿಕ ಕೇಳಿದ್ದಳು. ಅವಳು ಮರುಮಾತಾಡದೆ ಉಳಿದ ಐಸಿಂಗನ್ನು ಫ್ರಿಜ್ಜಿನೊಳಗಿಟ್ಟಳು.

ಅಜ್ಜಿಯ ಮಾತಿನಲ್ಲಿ ಶಾಸ್ತ್ರವಿತ್ತು. ಬೆಣ್ಣೆ ಮೂವತ್ತೆರಡು ಡಿಗ್ರಿಯ ಆಸುಪಾಸಿನಲ್ಲಿ ನೀರಾಗತೊಡಗುತ್ತದೆ. ಅದಕ್ಕೆ ಬಹಳ ಮೊದಲೇ ಅದರ ಬಿಗಿ ಸಡಿಲುತ್ತದೆ. ಬೆಂಗಳೂರಿನ ಬೇಸಗೆಯ ಮಧ್ಯಾಹ್ನ ಆ ಗಡಿಯನ್ನು ಸುಲಭವಾಗಿ ದಾಟುತ್ತದೆ; ಬೆಳಗಿನ ಜಾವ ಅಷ್ಟು ದೂರ ಹೋಗದು.

ಭಾನುವಾರ ಐದು ಗಂಟೆಗೆ ಅಡಿಗೆಮನೆಯ ದೀಪ ಹತ್ತಿತು. ಮೂರು ತಲೆಮಾರುಗಳು ಒಂದೇ ಮೇಜಿನ ಸುತ್ತ ಕುಳಿತವು. ಮಗು ಮೀನುಗಳಿಗೆ ಹುರುಪೆ ಅಂಟಿಸುತ್ತಿತ್ತು. ಅಜ್ಜಿ ಪೊಟ್ಟಣದಿಂದ ಸಾಸಿವೆಯಷ್ಟಿದ್ದ ಬಣ್ಣದ ಸಕ್ಕರೆ ಮಣಿಯೊಂದನ್ನು ತೆಗೆದು ಬೆರಳುಗಳ ನಡುವೆ ಉರುಳಿಸಿದರು. “ಇದು ನಮ್ಮ ಕುಸುರೆಳ್ಳಿನ ತಂಗಿ ಕಣೇ. ಸಣ್ಣ ಉರಿಯ ಮೇಲೆ ಅಗಲವಾದ ತಟ್ಟೆಯಿಟ್ಟು, ಎಳ್ಳಿನ ಮೇಲೆ ಚಮಚ ಚಮಚವಾಗಿ ಪಾಕ ಚಿಮುಕಿಸಿ, ಬೆರಳ ತುದಿಯಲ್ಲಿ ಆಡಿಸುತ್ತಲೇ ಇರಬೇಕು. ದಿನಗಟ್ಟಲೆ ಆಡಿಸಿದರೆ ಎಳ್ಳಿಗೆ ಮುಳ್ಳು ಮೂಡುತ್ತದೆ.” ಮಗು ಕಣ್ಣರಳಿಸಿ ಕೇಳಿತು.

ತಾಯಿ ಸಿಂಹಗಳನ್ನು ಮಾಡುತ್ತಿದ್ದಳು. ಐಸಿಂಗ್ ತುಂಬಿದ ಚೀಲದ ತುದಿಯಲ್ಲಿ, ಚಕ್ಕುಲಿ ಒರಳಿನ ನಕ್ಷತ್ರದ ಬಿಲ್ಲೆಯನ್ನು ಕಿರಿದಾಗಿಸಿದಂಥ ಲೋಹದ ಮೂತಿ. ಅವಳ ಕೈ ನೇರ. ಕೇಸರದ ಎಳೆಗಳೂ ನೇರ. ಸಿಂಹ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಶಾಲೆಗೆ ಹೊರಟಂತೆ ಕಾಣುತ್ತಿತ್ತು.

“ಅಜ್ಜಿ, ನೀವೂ ಒಂದು ಮಾಡಿ” ಎಂದಿತು ಮಗು.

“ನನ್ನ ಕೈ ನಿಲ್ಲುವುದಿಲ್ಲ, ಪುಟ್ಟಿ.”

ಸೊಸೆ ಮಾತನಾಡದೆ ಚೀಲವನ್ನು ಅತ್ತೆಯ ಕೈಗಿತ್ತಳು. ಕೈ ನಡುಗಿತು, ಎಳೆಯೂ ನಡುಗಿತು. ಒಂದು ಎಳೆ ಎಡಕ್ಕೆ ಬಾಗಿದರೆ ಇನ್ನೊಂದು ಬಲಕ್ಕೆ ಅಲೆಯಾಗಿ ಹೊರಳಿತು. ಸುತ್ತು ಮುಗಿದಾಗ ತಟ್ಟೆಯ ಮೇಲೆ, ಗಾಳಿಗೆ ಕೇಸರ ಕೆದರಿ ನಿಂತ ಸಿಂಹವೊಂದಿತ್ತು. ಮಗು ಎರಡನ್ನೂ ನೋಡಿ ತೀರ್ಪಿತ್ತಿತು: “ಅಮ್ಮನದು ಬೆಕ್ಕು. ಅಜ್ಜಿಯದೇ ಸಿಂಹ.” ತಾಯಿ ನಕ್ಕು ತನ್ನ ಸಿಂಹಗಳ ಕೇಸರವನ್ನು ಹೆರೆದು ಅಜ್ಜಿಯ ಮುಂದಿಟ್ಟಳು.

ಸಂಜೆ ಆ ಇಪ್ಪತ್ತನಾಲ್ಕೂ ಕಾಲು ಗಂಟೆಯೊಳಗೆ ಮುಗಿದವು. ಸಿಹಿಯ ಕೆಲಸದ ಗತಿಯೇ ಅಷ್ಟು. ಗಂಟೆಗಟ್ಟಲೆ ಕಟ್ಟಿದ್ದು ಎರಡು ತುತ್ತಿಗೆ ಇಲ್ಲವಾಗುತ್ತದೆ. ಇಲ್ಲವಾಗದೆ ಉಳಿದರೆ ಮಾಡಿದವರಿಗೇ ದುಃಖ. ಗೂಬೆಗಳನ್ನೂ ಯಾರೂ ಉಳಿಸಲಿಲ್ಲ. ಒಂದನ್ನು ಅಜ್ಜಿಯೇ ತಿಂದರೆಂದು ಮಗು ಎಲ್ಲರಿಗೂ ಸಾರಿತು.

ಮುಂದಿನ ಜನವರಿಯಲ್ಲಿ, ಸಂಕ್ರಾಂತಿಗೆ ಇನ್ನೂ ಹತ್ತು ದಿನವಿರುವಾಗ, ಅಜ್ಜಿ ಸೊಸೆಯನ್ನು ಕರೆದರು. “ಅಟ್ಟದಿಂದ ಆ ಸೀರೆಯ ಗಂಟು ಇಳಿಸು. ಪಾಕ ನೀನು ಎರೆ. ಹದ ನಾನು ಹೇಳುತ್ತೇನೆ.”